ಇನ್ನೂರ ಅರವತ್ತು ಹೆಜ್ಜೆ

ಗೇಟಿಗೆ ಬೀಗ ಹಾಕಿದವರು ಬಂಗಲೆಯವರು. ಬೀಗ ಇದೆ ಅಂತ ನಕ್ಷೆಯಲ್ಲಿ ಬರೆದವಳು ಜೆನ್ನಿ. ಈಗ ಇಡೀ ಕಾಲೋನಿ ಬಂಗಲೆಯವರನ್ನು ಬಿಟ್ಟು ಜೆನ್ನಿಯನ್ನು ಬೈಯುತ್ತಿತ್ತು. ಬಂಗಲೆಯವರನ್ನು ಬೈದರೆ ಕೆಲಸ ಹೋಗುತ್ತದೆ. ಜೆನ್ನಿಯನ್ನು ಬೈದರೆ ಏನೂ ಹೋಗುವುದಿಲ್ಲ.

ಕಾಲೋನಿ ಅಂದರೆ ಗಾಡಿಶೆಡ್ ಕಾಲೋನಿ. ಯಾದವಗಿರಿಯ ಹಳೇ ಬಂಗಲೆಗಳ ಬೆನ್ನಿಗೆ ಅಂಟಿಕೊಂಡಿರುವ ಮೂವತ್ತನಾಲ್ಕು ಮನೆ. ಒಂದು ಕಾಲಕ್ಕೆ ಮಲದ ಗಾಡಿಗಳನ್ನು ತಂದು ನಿಲ್ಲಿಸುತ್ತಿದ್ದ ಜಾಗ ಅದು. ಗಾಡಿಗಳು ಹೋದವು, ಗಾಡಿ ಎಳೆದವರ ಮಕ್ಕಳು ಮೊಮ್ಮಕ್ಕಳು ಉಳಿದರು. ಭಾನುವಾರ ಅರ್ಧ ಜನ ಚರ್ಚಿಗೆ ಹೋಗುತ್ತಾರೆ, ಅರ್ಧ ಜನ ಹೋಗುವುದಿಲ್ಲ. ಉಳಿದ ಆರು ದಿನ ಎಲ್ಲರೂ ಹೋಗುವುದು ಕಸದ ತಳ್ಳುಗಾಡಿಗೆ.

ಕಾಲೋನಿಯಿಂದ ದೊಡ್ಡ ರಸ್ತೆಗೆ ಒಂದು ಗಲ್ಲಿ ಇತ್ತು. ಎರಡು ಸಾಲು ಬಂಗಲೆಗಳ ಹಿತ್ತಲ ಗೋಡೆಗಳ ನಡುವೆ ಹಾದುಹೋಗುವ ಕನ್ಸರ್ವೆನ್ಸಿ ಗಲ್ಲಿ. ಮಹಾರಾಜರ ಕಾಲದಲ್ಲಿ ಬಡಾವಣೆ ಕಟ್ಟಿದವರು ಹಲವು ಬೀದಿಗಳ ಹಿಂದೆ ಇಂಥ ಗಲ್ಲಿ ಬಿಟ್ಟಿದ್ದರು. ಮುಂದಿನ ರಸ್ತೆ ಮನೆಯವರಿಗೆ. ಹಿಂದಿನ ಗಲ್ಲಿ ಮನೆಯವರ ಹೊಲಸು ಹೊರುವವರಿಗೆ. ಈ ಗಲ್ಲಿಯ ಉದ್ದ ಇನ್ನೂರ ಅರವತ್ತು ಹೆಜ್ಜೆ. ಜೆನ್ನಿ ಎಣಿಸಿದ್ದಾಳೆ.

ಎರಡು ವರ್ಷದ ಹಿಂದೆ ಕಾಲೋನಿಯ ತುದಿಯಲ್ಲಿ ಗೇಟ್ ಬಂತು. ಕಳ್ಳರ ಕಾಟ ಅಂದರು. ಯಾವ ಕಳ್ಳ, ಏನು ಕದ್ದ ಅಂತ ಯಾರೂ ಹೇಳಲಿಲ್ಲ. ಬೆಳಗ್ಗೆ ಆರರಿಂದ ಎಂಟರವರೆಗೆ ಬೀಗ ತೆಗೆಯುತ್ತಿದ್ದರು, ಯಾಕೆಂದರೆ ಹಿತ್ತಲ ಬಾಗಿಲಲ್ಲಿ ಕಸ ಎತ್ತಲು ಜನ ಬೇಕಲ್ಲ. ಕೆಲಸಕ್ಕೆ ದಾರಿ ಇತ್ತು, ಕೆಲಸದವರಿಗೆ ಇರಲಿಲ್ಲ. ಮೂರು ತಿಂಗಳ ಹಿಂದೆ ಅದೂ ನಿಂತಿತು. ಇನ್ನು ಮೇಲೆ ಕಸವನ್ನು ಮುಂದಿನ ರಸ್ತೆಯಿಂದಲೇ ಎತ್ತಿ, ಸುತ್ತಿಕೊಂಡು ಬನ್ನಿ ಅಂದರು.

ಸುತ್ತಿಕೊಂಡರೆ ಒಂದೂವರೆ ಕಿಲೋಮೀಟರ್. ಅದರಲ್ಲಿ ಅರ್ಧ ಏರು. ಮನೆಮನೆಯ ಕಸವನ್ನು ಕಾಲೋನಿಗೆ ತಂದು, ಹಸಿ ಒಣ ಬೇರೆ ಮಾಡಿ, ಮತ್ತೆ ದೊಡ್ಡ ರಸ್ತೆಗೆ ಒಯ್ದು ಲಾರಿಗೆ ಹಾಕಬೇಕು. ದಿನಕ್ಕೆ ಮೂರು ಸಲ. ಜೆನ್ನಿಯ ತಾಯಿ ಜ್ಞಾನಮ್ಮನಿಗೆ ಅರವತ್ತೊಂದು ವರ್ಷ. ಏರಿನಲ್ಲಿ ಕೈಯಲ್ಲಿ ತಳ್ಳಿದರೆ ಗಾಡಿ ಹತ್ತುವುದಿಲ್ಲ, ಎದೆ ಕೊಟ್ಟು ತಳ್ಳುತ್ತಾಳೆ. ಎರಡು ಪಕ್ಕೆಗಳ ನಡುವೆ ಗಾಡಿಯ ಹಿಡಿಯ ಗುರುತು ಕಪ್ಪಗೆ ಬಿದ್ದಿದೆ. ಸಂಜೆ ಜೆನ್ನಿ ಅದಕ್ಕೆ ಹರಳೆಣ್ಣೆ ಹಚ್ಚುತ್ತಾಳೆ. ಹಚ್ಚುವಾಗ ಜ್ಞಾನಮ್ಮ ಒಂದೇ ಮಾತು ಹೇಳುತ್ತಿದ್ದಳು.

“ನಿನ್ ಕೈಯಾರೆ ಬರ್ದ್‌ಬುಟ್ಯಲ್ಲಮ್ಮಿ.”

ಬರೆದದ್ದು ನಿಜ. ಅದಕ್ಕೂ ಒಂದು ಕಥೆಯಿದೆ.

ಎರಡು ವರ್ಷದ ಹಿಂದೆ ಚರ್ಚಿನ ಹಾಲಿಗೆ ತನ್ಮಯಿ ಅನ್ನುವ ಹುಡುಗಿ ಬಂದಿದ್ದಳು. ಒಂಟಿಕೊಪ್ಪಲಿನವಳು, ಆರ್ಕಿಟೆಕ್ಚರ್ ಓದುತ್ತಿದ್ದಳು. ಇಂಟರ್‌ನೆಟ್ಟಿನಲ್ಲಿ ಒಂದು ನಕ್ಷೆ ಇದೆ, ಅದು ಯಾವ ಕಂಪನಿಯದೂ ಅಲ್ಲ, ಯಾರು ಬೇಕಾದರೂ ಅದರಲ್ಲಿ ಬರೆಯಬಹುದು, ತಪ್ಪಿದ್ದರೆ ತಿದ್ದಬಹುದು, ಜಗಳವಿದ್ದರೆ ಕೆಳಗೆ ಬರೆದು ಚರ್ಚಿಸಬಹುದು ಅಂದಳು. ಪಿಯುಸಿ ಮುಗಿಸಿ ಅಮ್ಮನ ಜೊತೆ ಗಾಡಿ ಹಿಡಿದಿದ್ದ ಜೆನ್ನಿ ಮೊಬೈಲಿನಲ್ಲಿ ಅದನ್ನು ಕಲಿತಳು. ಯಾದವಗಿರಿಯ ಮನೆಮನೆ ಅವಳಿಗೆ ಗೊತ್ತು. ಯಾವ ತಿರುವಿನಲ್ಲಿ ನಲ್ಲಿ ಇದೆ, ಯಾವ ಕಂಬದಲ್ಲಿ ದೀಪ ಇಲ್ಲ, ಯಾವ ಚರಂಡಿಯ ಕಲ್ಲು ಮುರಿದಿದೆ, ಎಲ್ಲ ಬರೆದಳು. ನಿನಗೇನು ಗೊತ್ತು ಅಂತ ಜೆನ್ನಿಯನ್ನು ಯಾರಾದರೂ ಮರ್ಯಾದೆಯಿಂದ ಕೇಳಿದ್ದು ಅದೇ ಮೊದಲು. ಅವಳಿಗೆ ಹೆಮ್ಮೆ ಬಂತು. ಬರಬಾರದೇ?

ಬರೆಯುವವರಿಗೆ ಒಂದೇ ನಿಯಮ. ಕಂಡದ್ದನ್ನು ಬರಿ, ಕಾಣದ್ದನ್ನು ಬರೆಯಬೇಡ. ಗೇಟ್ ಬಂದ ದಿನ ಜೆನ್ನಿ ಗೇಟ್ ಕಂಡಳು, ಬೀಗ ಕಂಡಳು. ‘ಗೇಟ್ ಇದೆ. ಬೀಗ ಹಾಕಿದೆ. ಓಡಾಡಲು ಬಿಡುವುದಿಲ್ಲ’ ಅಂತ ಬರೆದಳು. ದೂರು ಕೊಡುವ ಹಾಗೆ ಬರೆದಳು. ಯಾರಾದರೂ ನೋಡಿ ಕೇಳುತ್ತಾರೆ ಅಂದುಕೊಂಡಿದ್ದಳು. ನೋಡಿದವರು ವಾಗೀಶ ಅವರು. ಮೈಸೂರಿನಲ್ಲಿ ಈ ನಕ್ಷೆ ಬರೆಯುವವರಿಗೆಲ್ಲ ಹಿರಿಯರು, ನಿವೃತ್ತ ಎಂಜಿನಿಯರ್. ಬಹಳ ಶಿಸ್ತಿನ ಕೆಲಸ ಅಂತ ಜೆನ್ನಿಯನ್ನು ಹೊಗಳಿದರು. ಆಮೇಲೆ ಆ ಮಾತನ್ನೇ ಆಧಾರ ಮಾಡಿಕೊಂಡು ಗಲ್ಲಿಗೆ ‘ಖಾಸಗಿ’ ಅಂತ ಹೆಸರಿಟ್ಟರು. ಮೂರು ತಿಂಗಳ ಹಿಂದೆ ನಕ್ಷೆಯಲ್ಲಿ ಗಲ್ಲಿಯ ಗೆರೆಯನ್ನೇ ಅಳಿಸಿದರು. ಗಲ್ಲಿಯ ರಸ್ತೆ ತುದಿಯಲ್ಲಿ ಕೊನೆಯ ಬಂಗಲೆ ವಾಗೀಶ ಅವರದು. ಆಗಿನಿಂದ ಗಲ್ಲಿಯ ಬಾಯಿಗೆ ಶೀಟು ಹೊದಿಸಿ, ನೆಲಕ್ಕೆ ಸಿಮೆಂಟ್ ಹಾಕಿಸಿ, ಅವರು ಕಾರು ನಿಲ್ಲಿಸುತ್ತಿದ್ದರು.

ಅಳಿಸಿದರೆ ಅಳಿಸಿಕೊಳ್ಳಲಿ, ಕಾಲು ನಮ್ಮದು ಅನ್ನಬಹುದಿತ್ತು. ಆದರೆ ಊರಿನ ಗಲ್ಲಿಗಳಲ್ಲಿ ಯಾವುದು ಬಳಕೆಯಲ್ಲಿದೆ, ಯಾವುದಿಲ್ಲ ಅಂತ ಒಂದು ಸರ್ವೆ ಕಂಪನಿ ನಗರಪಾಲಿಕೆಗೆ ಪಟ್ಟಿ ಮಾಡಿಕೊಡುತ್ತಿತ್ತು. ಒಂದೊಂದು ಗಲ್ಲಿಗೂ ಹೋಗಿ ನೋಡುವಷ್ಟು ಪುರುಸೊತ್ತು ಅವರಿಗಿರಲಿಲ್ಲ. ನಕ್ಷೆಯಿಂದಲೇ ಎತ್ತಿಕೊಳ್ಳುತ್ತಿದ್ದರು. ಪಟ್ಟಿಯಲ್ಲಿ ಇಲ್ಲದ ಗಲ್ಲಿಯನ್ನು ಅಕ್ಕಪಕ್ಕದ ಮನೆಯವರು ಪಾಲಿಕೆಯಿಂದ ಕೊಂಡುಕೊಳ್ಳಬಹುದು. ಯಾದವಗಿರಿಯ ಪಟ್ಟಿ ಎತ್ತುವುದು ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ. ಅದನ್ನು ಜೆನ್ನಿಗೆ ಹೇಳಿದವಳು ತನ್ಮಯಿ. ಶುಕ್ರವಾರ ಜೆನ್ನಿ ಗೆರೆಯನ್ನು ಮತ್ತೆ ಎಳೆದಳು. ಶನಿವಾರ ವಾಗೀಶ ಅಳಿಸಿದರು. ಭಾನುವಾರ ಎಲ್ಲರೂ ನಮ್ಮ ಮನೆಗೆ ಬನ್ನಿ, ಸ್ಥಳ ನೋಡಿ ತೀರ್ಮಾನ ಮಾಡೋಣ ಅಂತ ಚರ್ಚೆಯ ಕೆಳಗೆ ಬರೆದರು. ಇಬ್ಬರು ಜಗಳವಾಡಿದರೆ ನಕ್ಷೆ ಬರೆಯುವ ಗುಂಪೆಲ್ಲ ಹೋಗಿ ನೋಡಬೇಕು, ನೋಡಿದ್ದನ್ನು ಕಡೇಪಕ್ಷ ಇಬ್ಬರು ಹೆಸರು ಹಾಕಿ ಬರೆಯಬೇಕು. ಅದು ಅವರ ಪದ್ಧತಿ.

ಭಾನುವಾರ ಬೆಳಗಿನ ಪೂಜೆ ಮುಗಿಸಿ, ಚರ್ಚಿಗೆ ತೊಟ್ಟಿದ್ದ ಚೂಡಿದಾರದಲ್ಲೇ ಜೆನ್ನಿ ವಾಗೀಶರ ಮನೆಗೆ ಹೋದಳು. ಮುಂದಿನ ಗೇಟಿನಿಂದ ಹೋದಳು. ಆ ಮನೆಯ ಮುಂದಿನ ಗೇಟನ್ನು ಅವಳು ಹೊರಗಿನಿಂದ ಸಾವಿರ ಸಲ ನೋಡಿದ್ದಳು, ಒಳಗೆ ಕಾಲಿಟ್ಟಿದ್ದು ಅವತ್ತೇ.

ಜಗಲಿಯಲ್ಲಿ ವಾಗೀಶರ ತಾಯಿ ಸುಂದರಮ್ಮ ಕೂತಿದ್ದರು. ಎಂಬತ್ತಾರು ವರ್ಷ. ಜೆನ್ನಿಯನ್ನು ಕಂಡವರೇ ಗೋಡೆ ಹಿಡಿದುಕೊಂಡು ಎದ್ದು ಒಳಗೆ ಹೋದರು. ಹೊರಗೆ ಬರುವಾಗ ಕೈಯಲ್ಲಿ ಅಡುಗೆಮನೆಯ ಕಸದ ಬಕೆಟ್ ಇತ್ತು. ಭಾನುವಾರವೂ ಬಂದೆಯಲ್ಲ, ಒಳ್ಳೇದಾಯ್ತು ಬಿಡು ಅಂದರು. ಬಯ್ಗುಳವಲ್ಲ, ತಿರಸ್ಕಾರವಲ್ಲ. ಜೆನ್ನಿ ಅಂದರೆ ಅವರಿಗೆ ಅದೇ.

ಜೆನ್ನಿಯ ಕೈ ತಾನಾಗಿ ಮುಂದೆ ಹೋಯಿತು. ಬೇಡ ಅಂತ ತಲೆ ಹೇಳುವುದರೊಳಗೆ ಬೆರಳುಗಳು ಹಿಡಿಯನ್ನು ಹಿಡಿದಾಗಿತ್ತು. ಅವಳಿಗೆ ತನ್ನ ಕೈಯ ಮೇಲೆ ಎಂಥ ಸಿಟ್ಟು ಬಂತೆಂದರೆ, ಕತ್ತರಿಸಿ ಅದೇ ಬಕೆಟ್ಟಿಗೆ ಹಾಕಬೇಕು ಅನ್ನಿಸಿತು. ಬಕೆಟ್ ಹಿಡಿದುಕೊಂಡೇ ಹಾಲಿನ ಬಾಗಿಲಲ್ಲಿ ನಿಂತಳು. ಒಳಗೆ ಆರು ಜನ, ಲ್ಯಾಪ್‌ಟಾಪುಗಳು, ಗೋಡೆಯ ಟೀವಿಯಲ್ಲಿ ನಕ್ಷೆ. ತನ್ಮಯಿ ತಲೆ ಎತ್ತಿ ನೋಡಿ, ಕೆಂಪಗಾಗಿ, ತಲೆ ತಗ್ಗಿಸಿದಳು. ಉಳಿದವರು ನೋಡಲೇ ಇಲ್ಲ. ಜೆನ್ನಿ ಬಕೆಟ್ಟನ್ನು ಹೊಸಿಲ ಪಕ್ಕ ಇಟ್ಟು ಒಳಗೆ ಬಂದಳು. ಎರಡು ಗಂಟೆ ಹೊತ್ತು ಬಾಳೆಹಣ್ಣಿನ ಸಿಪ್ಪೆಯ ವಾಸನೆ ಹಾಲಿನೊಳಗೆ ಬರುತ್ತಿತ್ತು. ಯಾರೂ ಎದ್ದು ಹೋಗಿ ಎತ್ತಿಡಲಿಲ್ಲ, ಜೆನ್ನಿಯೂ ಎತ್ತಿಡಲಿಲ್ಲ.

ವಾಗೀಶ ಟೀವಿಯ ಮೇಲೆ ಅವಳು ಬರೆದದ್ದನ್ನು ತೋರಿಸಿದರು. ಗೇಟ್ ಇದೆ. ಬೀಗ ಹಾಕಿದೆ. ಓಡಾಡಲು ಬಿಡುವುದಿಲ್ಲ. ಕೆಳಗೆ ಅವಳ ಹೆಸರು, ತಾರೀಖು. ತನ್ಮಯಿಯನ್ನು ‘ನೀವು’ ಅನ್ನುತ್ತಿದ್ದವರು ಇವಳನ್ನು ‘ನೀನು’ ಅಂದರು. ಧ್ವನಿ ಮಾತ್ರ ಬೆಣ್ಣೆಯಷ್ಟು ಮೆದು.

“ನೋಡಮ್ಮ, ಇದನ್ನ ಬರೆದಿದ್ದು ನಾನಲ್ಲ. ನೀನೇ.”

ಜೆನ್ನಿ ಹೌದು ಅಂದಳು. ಬೀಗ ಹಾಕಿದ್ದು ತಪ್ಪು ಅಂತ ಗೊತ್ತಾಗಲಿ ಅಂತ ಬರೆದೆ, ಗಲ್ಲಿ ಇಲ್ಲ ಅಂತ ಬರೆಯಲಿಲ್ಲ ಅಂದಳು. ತಪ್ಪು ಸರಿ ಬರೆಯುವುದಕ್ಕೆ ನಕ್ಷೆಯಲ್ಲಿ ಜಾಗವಿಲ್ಲ ಅಂದರು ವಾಗೀಶ. ಅಲ್ಲಿ ಬರೆಯುವುದು ನೆಲದ ಮೇಲೆ ಏನಿದೆ ಅನ್ನುವುದನ್ನು ಮಾತ್ರ. ಬೀಗ ಇದೆ. ಜನ ಓಡಾಡುತ್ತಿಲ್ಲ. ಜನ ಓಡಾಡದ್ದು ದಾರಿ ಹೇಗಾಗುತ್ತದೆ? ಕನ್ನಡಕದ ಇನ್ನೊಬ್ಬರು ಅದೇ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದರು. ಬೀಗ ಹಾಕಿದವರೇ ಬಂದು, ನೀವು ಓಡಾಡುತ್ತಿಲ್ಲವಲ್ಲ ಅಂತ ಕೇಳುತ್ತಿದ್ದರು. ಜೆನ್ನಿಗೆ ನಗು ಬರಬೇಕಿತ್ತು. ಬರಲಿಲ್ಲ.

“ಸ್ಥಳ ನೋಡಣ ಅಂದಿದ್ರಿ ಸರ್. ನೋಡಣ ನಡೀರಿ.”

ಎಲ್ಲರೂ ಕಾರು ನಿಲ್ಲಿಸುವ ಶೀಟಿನ ಕೆಳಗೆ ಬಂದರು. ಕಾರಿನ ಹಿಂದೆ, ಗಲ್ಲಿಗೆ ಅಡ್ಡವಾಗಿ, ನರ್ಸರಿಯಲ್ಲಿ ಕಟ್ಟುವಂಥ ಹಸಿರು ಬಲೆ ಕಟ್ಟಿತ್ತು. ವಾಗೀಶ ಅದರ ಒಂದು ಮೂಲೆ ಎತ್ತಿ ಹಿಡಿದರು. ಬಲೆಯ ಆಚೆ ಗಲ್ಲಿ ಹಾಗೇ ಇತ್ತು. ಉದ್ದಕ್ಕೆ, ನೆಟ್ಟಗೆ, ಎರಡೂ ಕಡೆ ಹಳೇ ಗಾರೆಯ ಗೋಡೆ. ಮೊಳಕಾಲೆತ್ತರ ಪಾರ್ಥೇನಿಯಂ ಬೆಳೆದಿತ್ತು. ಆ ತುದಿಯಲ್ಲಿ ಗೇಟ್, ಗೇಟಿನಾಚೆ ಕಾಲೋನಿಯ ನಲ್ಲಿಯಲ್ಲಿ ಯಾರೋ ಕೊಡ ತುಂಬುವುದು ಕಾಣುತ್ತಿತ್ತು. ಕಣ್ಣಿದ್ದವರು ಯಾರು ನೋಡಿದರೂ ಇದು ಗಲ್ಲಿ. ಎರಡೂ ತುದಿ ಮುಚ್ಚಿದ ಖಾಲಿ ಜಾಗ ಅಂದರು ವಾಗೀಶ. ಹಿಂದೆ ಏನಿತ್ತೋ ಗೊತ್ತಿಲ್ಲ, ಈಗ ಮನೆಗಳ ಹಿತ್ತಲು ಅಂದರು.

ಜೆನ್ನಿ ಬಗ್ಗಿ ಗಿಡ ಸರಿಸಿದಳು. ವಾಗೀಶರ ಮನೆಯ ಹಿಂಗೋಡೆಯಲ್ಲಿ, ನೆಲದಿಂದ ಒಂದಡಿ ಮೇಲೆ, ಒಂದೂವರೆ ಅಡಿ ಚೌಕದ ಗುರುತು. ಮೇಲೆ ಒಂದು ಕಲ್ಲಿನ ಹಲಗೆ. ಒಳಗೆ ಇಟ್ಟಿಗೆ ತುಂಬಿ ಸಿಮೆಂಟ್ ಬಳಿದಿದ್ದರು. ಗೋಡೆಯ ಬಣ್ಣ ಒಂದು, ಚೌಕದ ಬಣ್ಣ ಇನ್ನೊಂದು. ಪಕ್ಕದ ಮನೆಯ ಗೋಡೆಯಲ್ಲೂ ಅಂಥದೇ. ಎದುರಿನದರಲ್ಲೂ. ಹಿತ್ತಲಾದರೆ ಇದು ಏನು ಸರ್ ಅಂತ ಕೇಳಿದಳು.

ಯಾರಿಗೂ ಗೊತ್ತಿರಲಿಲ್ಲ. ಆರ್ಕಿಟೆಕ್ಚರ್ ಓದಿದ ತನ್ಮಯಿಗೂ ಗೊತ್ತಿರಲಿಲ್ಲ. ಗಾಳಿಗೆ ಬಿಟ್ಟದ್ದಿರಬೇಕು ಅಂದಳು. ವಾಗೀಶರಿಗೆ ಗೊತ್ತಿತ್ತು. ಅವರು ಗೇಟಿನ ಕಡೆ ನೋಡುತ್ತಿದ್ದರು.

ಜೆನ್ನಿ ಹೇಳಿದಳು. ಈ ಗೋಡೆಯ ಆಚೆ ಇವರ ಪಾಯಖಾನೆ ಇತ್ತು. ಒಳಗೆ ಕಲ್ಲಿನ ಮೇಲೆ ಕೂರುತ್ತಿದ್ದರು, ಕೆಳಗೆ ಬಕೆಟ್ ಇರುತ್ತಿತ್ತು. ನನ್ನ ತಾತ ಜ್ಞಾನಪ್ಪ ಇಲ್ಲಿ ಮಂಡಿಯೂರಿ, ಈ ತೂತಿನಲ್ಲಿ ತಲೆ ಮತ್ತು ಒಂದು ತೋಳು ತೂರಿಸಿ ಬಕೆಟ್ ಎಳೆಯುತ್ತಿದ್ದ. ಒಂದೊಂದು ಸಲ ಮೇಲೆ ಕೂತವರು ಯಾರು ಕೆಳಗಿದ್ದಾರೆ ಅಂತ ನೋಡುತ್ತಿರಲಿಲ್ಲ. ಎಳೆದದ್ದನ್ನು ತಗಡಿನ ಡಬ್ಬಕ್ಕೆ ಸುರಿದು, ಡಬ್ಬವನ್ನು ತಲೆ ಮೇಲಿಟ್ಟುಕೊಂಡು ಗಾಡಿಯ ತನಕ ಹೋಗುತ್ತಿದ್ದ. ಮಳೆಗಾಲದಲ್ಲಿ ಡಬ್ಬದ ತಳದಿಂದ ಕಿವಿಗೆ ಇಳಿಯುತ್ತಿತ್ತು. ನನ್ನಮ್ಮ ಆರೇಳು ವರ್ಷದವಳು, ಹಿಂದೆ ಬೂದಿ ಚೆಲ್ಲುತ್ತಾ ನಡೆಯುತ್ತಿದ್ದಳು. ಹದಿನೆಂಟು ಮನೆ, ಹದಿನೆಂಟು ತೂತು.

ಅವಳ ಧ್ವನಿ ಏರಲಿಲ್ಲ. ಕನ್ನಡಕದವರು ಕರವಸ್ತ್ರ ತೆಗೆದು ಮೂಗಿಗೆ ಹಿಡಿದರು. ಐವತ್ತು ವರ್ಷದ ಹಿಂದಿನ ವಾಸನೆ ಅವರಿಗೆ ಈಗ ಬಂದಿರಬೇಕು.

ಸುಂದರಮ್ಮ ಹಿತ್ತಲ ಬಾಗಿಲಲ್ಲಿ ಬಂದು ನಿಂತಿದ್ದರು. ಮಗ ಬಾಯಿ ತೆರೆಯುವ ಮೊದಲೇ ಅವರು ಮಾತಾಡಿದರು.

“ಅದು ಅವರ ಗಲ್ಲಿ ಕಣೋ ವಾಗೀಶ. ನಾವೆಲ್ಲಿ ಅಲ್ಲಿ ಕಾಲಿಡ್ತಿದ್ವಿ? ನಿಮ್ಮಜ್ಜಿ ಆ ಕಡೆ ನೋಡೋಕೂ ಬಿಡ್ತಿರಲಿಲ್ಲ. ಚೆಂಡು ಬಿದ್ರೆ ಬಿಟ್ಟುಬಿಡ್ತಿದ್ವಿ.”

ಮಡಿಯ ಹೆಚ್ಚುಗಾರಿಕೆಯಿಂದಲೇ ಅಂದದ್ದು. ಆದರೂ ಅಂದರು. ಅಮ್ಮನಿಗೆ ವಯಸ್ಸಾಯಿತು, ನೆನಪಿನ ಮಾತನ್ನೆಲ್ಲ ನಕ್ಷೆಗೆ ಹಾಕಲಾಗುವುದಿಲ್ಲ ಅಂತ ವಾಗೀಶ ನಕ್ಕರು. ಕಂಡದ್ದು ಮಾತ್ರ. ತೂತು ಕಾಣುತ್ತಿದೆಯಲ್ಲ ಸರ್ ಅಂತ ಜೆನ್ನಿ ಮೊಬೈಲ್ ತೆಗೆದು ಒಂದು ಫೋಟೋ ತೆಗೆದಳು.

ಆಗ ವಾಗೀಶ ಎಲ್ಲರನ್ನೂ ಕಾಫಿಗೆ ಒಳಗೆ ಕಳಿಸಿದರು. ಜೆನ್ನಿಯನ್ನು ಮಾತ್ರ ಬಲೆಯ ಹತ್ತಿರ ನಿಲ್ಲಿಸಿಕೊಂಡರು. ಮೊದಲ ಸಲ ‘ನೀವು’ ಅಂದರು. ಗಲ್ಲಿಯ ಗೆರೆಯನ್ನು ಬಲೆಯ ತನಕ ಮತ್ತೆ ಎಳೆಸುತ್ತೇನೆ, ಬೆಳಗ್ಗೆ ಎರಡು ಗಂಟೆ ಗೇಟ್ ತೆಗೆಸುತ್ತೇನೆ ಅಂದರು. ಬಲೆಯ ತನಕ ಬಂದವರು ರಸ್ತೆಗೆ ಹೇಗೆ ಹೋಗಬೇಕು ಅನ್ನುವುದನ್ನು ಹೇಳಲಿಲ್ಲ. ಇನ್ನೂ ಒಂದು ಮಾತು ಹೇಳಿದರು. ಆ ಸರ್ವೆ ಕಂಪನಿಯಲ್ಲಿ ನನ್ನ ಮಾತು ನಡೆಯುತ್ತದೆ, ಕೂತು ಮಾಡುವ ಕೆಲಸ ಕೊಡಿಸುತ್ತೇನೆ, ನಿಮ್ಮಂಥ ಶಿಸ್ತಿನವರು ಕಸದಲ್ಲಿ ಇರಬಾರದು. ಆ ಫೋಟೋ ಮಾತ್ರ ಬೇಡ. ತೂತುಗಳ ಮಾತು ಎಲ್ಲೂ ಬರೆಯುವುದು ಬೇಡ.

“ನಾಲ್ಕು ತಲೆಮಾರಿನ ಮನೆ ಜೆನ್ನಿ. ಮರ್ಯಾದೆ ಅನ್ನೋದು ಇರುತ್ತಲ್ಲ.”

ಕೂತು ಮಾಡುವ ಕೆಲಸ. ಜೆನ್ನಿ ತನ್ನ ಉಗುರುಗಳನ್ನು ನೋಡಿಕೊಂಡಳು. ಎಷ್ಟು ತಿಕ್ಕಿದರೂ ಹೋಗದ ಕಪ್ಪು ಅದು. ಬಸ್ಸಿನಲ್ಲಿ ಪಕ್ಕ ಕೂತವರು ಸರಿದು ಕೂರುವುದು ನೆನಪಾಯಿತು. ಆಸೆಯಾಗಲಿಲ್ಲ ಅಂದರೆ ಸುಳ್ಳು. ಆ ಸಿಮೆಂಟಿನ ಮೇಲೆ ನಿಂತು ಒಂದು ನಿಮಿಷ ಅವಳಿಗೆ ಬಹಳ ಆಸೆಯಾಯಿತು. ಆಮೇಲೆ ಅಮ್ಮನ ಎದೆಯ ಕಪ್ಪು ನೆನಪಾಯಿತು.

“ಬೇಡ ಸರ್. ಡಬ್ಬ ಹೊರಬೇಕಾದಾಗ ನಮಗೆ ಈ ಗಲ್ಲಿ ಇತ್ತು. ಮುಂದಿನ ರಸ್ತೇಲಿ ಬರಬೇಡಿ, ಹಿಂದೆ ಬನ್ನಿ ಅಂತ ನೀವೇ ಕೊಟ್ಟಿದ್ರಿ. ಈಗ ಬರೀ ಕೈಬೀಸ್ಕೊಂಡು ನಡೀತೀವಿ ಅಂದ್ರೆ ಗಲ್ಲೀನೇ ಇಲ್ಲ ಅಂತೀರಿ. ನಾನು ಆ ಫೋಟೋ ಅಳಿಸಲ್ಲ. ಗೆರೆನೂ ಪೂರ್ತಿ ಬೇಕು.”

ವಾಗೀಶರ ಮುಖದಿಂದ ಬೆಣ್ಣೆ ಕರಗಿತು. ಎಲ್ಲಿಂದ ಬಂದವಳು ಅಂತ ಮರೆಯಬೇಡ ಅಂದ. ಇಲ್ಲಿಂದ ಮುಂದೆ ಈ ಕಥೆಯಲ್ಲಿ ಅವನಿಗೆ ಬಹುವಚನವಿಲ್ಲ.

ಮಧ್ಯಾಹ್ನ ಮೂರಕ್ಕೆ ವಾಗೀಶನ ವರದಿ ಬಂತು. ‘ಸ್ಥಳ ನೋಡಲಾಯಿತು. ಎರಡೂ ಕಡೆ ಮುಚ್ಚಿದ ಖಾಲಿ ಜಾಗ. ಜನರ ಓಡಾಟ ಕಂಡುಬರಲಿಲ್ಲ.’ ಕೆಳಗೆ ಐದು ಹೆಸರು. ತನ್ಮಯಿಯ ಹೆಸರು ಇರಲಿಲ್ಲ. ಜೆನ್ನಿ ಅವಳಿಗೆ ಫೋನ್ ಮಾಡಿದಳು. ನನಗೆ ಅಲ್ಲಿ ಬಾಯಿ ಬರಲಿಲ್ಲ ಕಣೆ ಅಂತ ತನ್ಮಯಿ ಅತ್ತಳು. ಜೆನ್ನಿಗೆ ಆ ಅಳುವನ್ನು ಸಮಾಧಾನ ಮಾಡುವಷ್ಟು ತಾಳ್ಮೆ ಇರಲಿಲ್ಲ. ನಾಳೆ ಬೆಳಗ್ಗೆ ಏಳೂವರೆಗೆ ಕಾಲೋನಿಗೆ ಬಂದರೆ ಬಾ, ಹೆಸರು ಹಾಕಲು ಎರಡನೆಯವರೊಬ್ಬರು ಬೇಕು ಅಂತ ಹೇಳಿ ಇಟ್ಟಳು.

ಆಮೇಲೆ ವರದಿಯನ್ನು ಜ್ಞಾನಮ್ಮನಿಗೆ ಓದಿ ಹೇಳಿದಳು. ನಲ್ಲಿಯ ಹತ್ತಿರ ಇನ್ನೂ ಏಳೆಂಟು ಹೆಂಗಸರಿದ್ದರು. ಜ್ಞಾನಮ್ಮ ಕೊನೆಯ ಸಾಲನ್ನು ಇನ್ನೊಂದು ಸಲ ಓದಿಸಿದಳು.

“ಓಡಾಟ ಕಾಣ್ಲಿಲ್ವಂತಾ?”

“ಇಲ್ವಂತೆ.”

“ಅಂಗಾದ್ರೆ ಕಾಣೋ ಅಂಗೆ ಓಡಾಡ್ಬುಡಾನ ನಡಿ.”

ಸೋಮವಾರ ಏಳೂವರೆಗೆ ಹನ್ನೊಂದು ಗಾಡಿಗಳು ಗೇಟಿನ ಮುಂದೆ ನಿಂತವು. ಬೆಳಗಿನ ಮೊದಲ ಕಸ, ಬೇರೆ ಮಾಡಿ ತುಂಬಿದ ಗಾಡಿಗಳು. ತನ್ಮಯಿ ಬಂದಿದ್ದಳು. ಬಿಳಿ ಶೂ ಹಾಕಿಕೊಂಡು, ಎಲ್ಲಿ ನಿಲ್ಲಬೇಕು ಅಂತ ತಿಳಿಯದೆ ನಿಂತಿದ್ದಳು. ಗಲಾಟೆಯಾದರೆ ನಾಳೆಯಿಂದ ಕೆಲಸವಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಇಬ್ಬರು ಹೆಂಗಸರು ಮನೆಯಿಂದ ಹೊರಗೇ ಬಂದಿರಲಿಲ್ಲ.

ಬೀಗವನ್ನು ಯಾರೂ ಮುಟ್ಟಲಿಲ್ಲ. ಎರಡು ಬಾಗಿಲಿನ ಗೇಟು ಕೂತಿದ್ದದ್ದು ಎರಡೂ ಕಡೆಯ ಗೋಡೆಯ ಕಬ್ಬಿಣದ ಗೂಟಗಳ ಮೇಲೆ. ದಿನವೂ ಚರಂಡಿಯ ಚಪ್ಪಡಿ ಎತ್ತುವ ಹೆಂಗಸರಿಗೆ ಗೇಟು ಯಾವ ಲೆಕ್ಕ? ಐದು ಜನ ಕೆಳಗೆ ಕೈ ಕೊಟ್ಟರು. ಜ್ಞಾನಮ್ಮ ಒಂದು ಸಲ ಹೂಂ ಅಂದಳು. ಗೇಟು ಗೂಟದಿಂದ ಮೇಲೆ ಬಂತು. ಬೀಗದ ಸಮೇತ ಅದನ್ನು ಗೋಡೆಗೆ ಒರಗಿಸಿಟ್ಟರು.

ಜೆನ್ನಿ ಮೊಬೈಲಿನಲ್ಲಿ ನಡೆದ ದಾರಿ ದಾಖಲಾಗುವ ಬಟನ್ ಒತ್ತಿದಳು. ಮೊದಲ ಹೆಜ್ಜೆ ಇಟ್ಟಳು. ಗಾಡಿಗಳು ಅವಳ ಹಿಂದೆ ಗಲ್ಲಿಗೆ ಇಳಿದವು. ಗಿಡಗಳು ಚಕ್ರಕ್ಕೆ ಸಿಕ್ಕಿ ಮುರಿದವು.

ಜ್ಞಾನಮ್ಮ ಗಾಡಿ ತಳ್ಳುತ್ತಲೇ ಗೋಡೆ ತೋರಿಸಿದಳು. ಇದು ಡಾಕ್ಟರ ಮನೇದು. ಇದು ಅರಮನೆ ಲೆಕ್ಕದವರದು, ಇಲ್ಲಿ ಎರಡು ಬಕೆಟ್ ಇರ್ತಿದ್ವು. ಇದು ಮಕ್ಕಳಿಲ್ಲದ ಅಮ್ಮನವರದು, ಹಬ್ಬಕ್ಕೆ ಮೇಲಿಂದ ಹೋಳಿಗೆ ಎಸೀತಿದ್ರು, ಬೂದಿ ಕೈಲೇ ಹಿಡ್ಕಬೇಕಿತ್ತು. ಐವತ್ನಾಲ್ಕು ವರ್ಷ ಅವಳು ಈ ಮಾತನ್ನು ಯಾರಿಗೂ ಇಷ್ಟು ವಿವರವಾಗಿ ಹೇಳಿರಲಿಲ್ಲ. ಜೆನ್ನಿ ಒಂದೊಂದರ ಮುಂದೆಯೂ ನಿಂತು, ನಕ್ಷೆಯಲ್ಲಿ ಒಂದೊಂದು ಚುಕ್ಕಿ ಇಟ್ಟು, ಏನು ಅಂತ ಬರೆದಳು. ತನ್ಮಯಿ ಫೋಟೋ ತೆಗೆದಳು. ಹಿತ್ತಲ ಕಿಟಕಿಗಳು ಒಂದೊಂದಾಗಿ ತೆರೆದವು. ಯಾರೋ ನಿಲ್ಲಿ ಅಂತ ಕೂಗಿದರು. ಯಾರೋ ಮೊಬೈಲ್ ಹಿಡಿದು ವಿಡಿಯೊ ಮಾಡಿದರು. ಗಾಡಿಗಳು ನಿಲ್ಲಲಿಲ್ಲ.

ಬಲೆಯ ತಂತಿಯನ್ನು ಜೆನ್ನಿಯೇ ಬಿಚ್ಚಿದಳು. ಕಾರಿನ ಹಿಂಭಾಗ ಎದುರಾಯಿತು. ಗೋಡೆಯಿಂದ ಗೋಡೆಗೆ ಕಾರು. ಆಚೆ ಹತ್ತು ಹೆಜ್ಜೆಯಲ್ಲಿ ದೊಡ್ಡ ರಸ್ತೆ, ಬಸ್ಸಿನ ಸದ್ದು. ಹಿಂದೆ ಹನ್ನೊಂದು ಗಾಡಿ. ಗಲ್ಲಿ ಕಿರಿದು, ಗಾಡಿ ತಿರುಗಿಸಲು ಜಾಗವಿಲ್ಲ.

ವಾಗೀಶ ಪಂಚೆ ಎತ್ತಿ ಕಟ್ಟುತ್ತಾ ಓಡಿ ಬಂದ. ಇದು ಅತಿಕ್ರಮ ಪ್ರವೇಶ, ಒಬ್ಬೊಬ್ಬರನ್ನೂ ಒಳಗೆ ಹಾಕಿಸುತ್ತೇನೆ ಅಂದ. ತನ್ಮಯಿಯನ್ನು ನೋಡಿ, ನಿಮ್ಮ ತಂದೆಗೆ ಗೊತ್ತೇನಮ್ಮ ಇದು ಅಂತ ಕೇಳಿದ. ತನ್ಮಯಿ ಗೊತ್ತಿಲ್ಲ ಅಂದಳು, ಆದರೆ ಅಲ್ಲಿಂದ ಕದಲಲಿಲ್ಲ. ಕಾರು ತೆಗೆಯಿರಿ ಸರ್ ಅಂತ ಜೆನ್ನಿ ಹೇಳಿದಳು. ಅವನು ಪೊಲೀಸರಿಗೆ ಫೋನ್ ಹಚ್ಚಿದ.

ಪೊಲೀಸ್ ಬಂದರೆ ಮೊದಲ ಏಟು ಯಾರಿಗೆ ಅಂತ ಗಾಡಿ ಹಿಡಿದವರಿಗೆಲ್ಲ ಗೊತ್ತಿತ್ತು. ವಾಗೀಶ ಫೋನಿನಲ್ಲಿ ಜೋರಾಗಿ ಹೇಳುತ್ತಿದ್ದ. ಕಸದವರು ನುಗ್ಗಿಬಿಟ್ಟಿದ್ದಾರೆ, ಗೇಟ್ ಕಿತ್ತಿದ್ದಾರೆ, ಬೇಗ ಬನ್ನಿ. ಮನೆಯ ನಂಬರ್ ಹೇಳಿದ, ರಸ್ತೆ ಹೇಳಿದ. ಆ ಕಡೆಯವರು ಮನೆಯ ಮುಂದೆ ಬರಬೇಕೇ ಅಂತ ಕೇಳಿರಬೇಕು. ಅವನಿಗೆ ಸಿಟ್ಟು ನೆತ್ತಿಗೇರಿತು.

“ಮುಂದೆ ಅಲ್ಲ ಕಣ್ರೀ, ಹಿಂದೆ. ಕನ್ಸರ್ವೆನ್ಸಿ ಗಲ್ಲೀಲಿ. ಗಲ್ಲಿ ತುಂಬ ಜನ ಓಡಾಡ್ತಾ ಇದಾರೆ.”

ಹೇಳಿ ಮುಗಿಸಿದ ಮೇಲೆ ಅವನ ಮಾತು ಅವನಿಗೇ ಕೇಳಿಸಿತು. ಫೋನನ್ನು ಕಿವಿಯಿಂದ ಕೆಳಗಿಳಿಸಿದ. ಒಳಗಿನಿಂದ ಹಲೋ ಹಲೋ ಅನ್ನುವ ದನಿ ಬರುತ್ತಲೇ ಇತ್ತು.

ಜೆನ್ನಿ ಮೊಬೈಲಿನಲ್ಲಿ ಅವನ ಮಾತನ್ನು ಅವನು ಆಡಿದ ಹಾಗೇ ಬರೆದಳು. ಯಾರು ಅಂದರು, ಎಲ್ಲಿ ನಿಂತು ಅಂದರು, ಎಷ್ಟು ಗಂಟೆಗೆ. ಎಂಟು ಗಂಟೆ ಹತ್ತು ನಿಮಿಷ. ಕೆಳಗೆ ತನ್ನ ಹೆಸರು ಹಾಕಿ ತನ್ಮಯಿಯ ಮುಖ ನೋಡಿದಳು. ತನ್ಮಯಿ ತನ್ನ ಫೋನಿನಿಂದ ತನ್ನ ಹೆಸರು ಸೇರಿಸಿದಳು. ದಾಖಲಾದ ದಾರಿಯ ಗೆರೆಯ ಜೊತೆ ವರದಿ ಹೋಯಿತು, ಪಟ್ಟಿ ಎತ್ತುವ ಹನ್ನೆರಡು ಗಂಟೆಗೆ ಇನ್ನೂ ಹೊತ್ತಿತ್ತು.

“ಪೊಲೀಸ್ನೋರು ಬರಲಿ ಸರ್, ನಾವಿಲ್ಲೇ ಇರ್ತೀವಿ. ಅಷ್ಟರಲ್ಲಿ ಕಾರು ತೆಗೀರಿ. ದಾರೀಲಿದೆ.”

ಜ್ಞಾನಮ್ಮ ಎದೆ ಕೊಟ್ಟು ಗಾಡಿಯನ್ನು ಒಂದು ಹೆಜ್ಜೆ ಮುಂದೆ ತಳ್ಳಿದಳು. ಗಾಡಿಯ ಮೂತಿ ಕಾರಿಗೆ ತಾಗಿ ನಿಂತಿತು.